ಹೇಗಿದ್ರೂ ಬೀಳೋ ಹಲ್ಲು

ಡಾಕ್ಟ್ರಮ್ಮನ ಎದುರಿಗೆ ಏನು ಬೇಕಾದರೂ ಅನ್ನಬಹುದಿತ್ತು, "ಹೇಗಿದ್ರೂ ಬೀಳೋ ಹಲ್ಲು ತಾನೇ" ಅಂತ ಮಾತ್ರ ಅನ್ನಬಾರದಿತ್ತು. ಒಮ್ಮೆ ಮೊಮ್ಮಗನನ್ನು ಕರಕೊಂಡು ಬಂದಿದ್ದ ಅಜ್ಜ ಒಬ್ಬರು, ಪಾಪ, ಸುಮ್ಮನೆ ಕೂರಲಾರದೆ ಅಂದುಬಿಟ್ಟರು. ಡಾಕ್ಟ್ರಮ್ಮ ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಗೆ ಹಾಕಿ ಅವರ ಕಡೆ ತಿರುಗಿದರು. "ಯಜಮಾನರೇ, ನಿಮ್ಮ ತಲೆಕೂದಲೂ ಹೇಗಿದ್ರೂ ಉದುರೋದೇ ಇತ್ತು. ಹಾಗಂತ ಮೀಸೆ ಮೂಡೋ ಮೊದಲೇ ಯಾರಾದ್ರೂ ಕಿತ್ತು ಹಾಕಿದ್ರಾ?" ಅಜ್ಜ ಬೋಳು ತಲೆ ಸವರಿಕೊಂಡು ತೆಪ್ಪಗೆ ಕೂತರು. ಮೊಮ್ಮಗ ಮಾತ್ರ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕಿಲಕಿಲ ನಕ್ಕ.

ಎರಡು ಅಂತಸ್ತಿನ ಹಳೇ ಕಟ್ಟಡ ಅದು. ಕೆಳಗೆ ಡಾಕ್ಟ್ರಮ್ಮ ಮಕ್ಕಳ ಹಲ್ಲು ನೋಡುತ್ತಿದ್ದರು, ಮೇಲೆ ಅವರ ಒಡಹುಟ್ಟಿದ ಅಣ್ಣ ದೊಡ್ಡವರ ಹಲ್ಲು ನೋಡುತ್ತಿದ್ದರು. ಮೇಲೆ ಮೆತ್ತನೆ ಸೋಫಾ, ಗಾಜಿನ ತೊಟ್ಟಿಯಲ್ಲಿ ಮೀನು, ಪಿಸುಮಾತು. ಕೆಳಗೆ ಉದ್ದನೆ ಬೆಂಚು, ಕಟಕಟ ಅನ್ನುವ ಫ್ಯಾನು, ಒಂದು ಕಿವಿ ಮುರಿದ ಮರದ ಕುದುರೆ, ಅಳು. ಅಣ್ಣ ಕೆಟ್ಟವರೇನಲ್ಲ, ಆದರೆ ತಂಗಿಯನ್ನು ಕೆಣಕದೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ನಂದು ಮನೆ ಕಟ್ಟೋ ಕೆಲಸ ಕಣೇ. ನಿಂದು ಬಾಡಿಗೆ ಮನೆಗೆ ಸುಣ್ಣ ಹೊಡೆಯೋ ಕೆಲಸ," ಅನ್ನುತ್ತಿದ್ದರು. "ಬಾಡಿಗೆ ಮನೇಲಿರೋರು ಸೋರೋ ಸೂರಿನ ಕೆಳಗೆ ಮಲಗಬೇಕಾ?" ಅಂತ ಡಾಕ್ಟ್ರಮ್ಮ ಉರಿದು ಬೀಳುತ್ತಿದ್ದರು. ಇಬ್ಬರಿಗೂ ಐವತ್ತು ದಾಟಿತ್ತು, ಜಗಳಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

ಈ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಡಾಕ್ಟ್ರಮ್ಮ ನಕ್ಕಾಗ ನೋಡಬೇಕು. ನಗು ಬಂದ ಕೂಡಲೇ ಅವರ ಎಡಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಅವರು ಚಿಕ್ಕವರಿದ್ದಾಗ ಹಲ್ಲುನೋವು ಅಂತ ಅತ್ತರು. ಅಪ್ಪ ಕರಕೊಂಡು ಹೋದ ಡಾಕ್ಟರು ಒಂದು ಹಲ್ಲಿಗೆ ಅಂತ ಕೂರಿಸಿ, ಕುಳಿ ಬಿದ್ದ ಪಕ್ಕದವನ್ನೂ ಸೇರಿಸಿ, ಪಟಪಟ ಅಂತ ಕಿತ್ತು ಕೈ ತೊಳೆದುಕೊಂಡರು. ಹೇಗಿದ್ರೂ ಬೀಳೋ ಹಲ್ಲು, ಯಾಕೆ ತಲೆ ಕೆಡಿಸಿಕೊಳ್ತೀರಿ ಅಂತ ಅಪ್ಪನ ಬೆನ್ನು ತಟ್ಟಿ ಕಳಿಸಿದರು. ಬಾಯಲ್ಲಿ ಜಾಗ ಕಾಯುವವರು ಇಲ್ಲವಾದ ಮೇಲೆ ಹಿಂದಿನ ಹಲ್ಲುಗಳು ಮುಂದಕ್ಕೆ ವಾಲಿದವು. ವರ್ಷಗಳಾದ ಮೇಲೆ ಬಂದ ಗಟ್ಟಿ ಹಲ್ಲುಗಳಿಗೆ ಕಾಲೂರಲು ಜಾಗವಿಲ್ಲದೆ ಒಂದರ ಹೆಗಲ ಮೇಲೆ ಒಂದು ಹತ್ತಿದವು. ಮದುವೆಯ ಫೋಟೋದಲ್ಲೂ ಡಾಕ್ಟ್ರಮ್ಮ ತುಟಿ ಬಿಗಿದುಕೊಂಡೇ ಇದ್ದಾರೆ. ನೋಡಿದವರು ಹುಡುಗಿಗೆ ಗಂಡ ಇಷ್ಟವಿಲ್ಲ ಅಂದುಕೊಂಡಿದ್ದರಂತೆ.

ಹಾಗಾಗಿ ಮಕ್ಕಳ ಹಲ್ಲು ಉಳಿಸುವುದು ಅವರಿಗೆ ಕಸುಬಲ್ಲ, ಹಟ. ಹಟ ಅಂದ ಮೇಲೆ ಬೈಗುಳ ಇದ್ದೇ ಇತ್ತು. ಒಳಗೆ ಕೋಣೆಯಲ್ಲಿ ಬೈದರೆ ಒಬ್ಬರಿಗೆ ಬುದ್ಧಿ ಬರುತ್ತದೆ, ಹೊರಗೆ ಬೆಂಚಿನ ಮುಂದೆ ಬೈದರೆ ಅಲ್ಲಿದ್ದವರಿಗೆಲ್ಲ ಬರುತ್ತದೆ ಅಂತ ಅವರ ಲೆಕ್ಕ. ಮಿಠಾಯಿ ಕೊಡಿಸುವ ಅಪ್ಪಂದಿರು, ರಾತ್ರಿ ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸುವ ಅಮ್ಮಂದಿರು, ಮೊಮ್ಮಕ್ಕಳ ಕೈಗೆ ಗುಟ್ಟಾಗಿ ಚಾಕೊಲೇಟು ತುರುಕುವ ಅಜ್ಜಿಯರು, ಯಾರಿಗೂ ರಿಯಾಯಿತಿ ಇಲ್ಲ. ಮಕ್ಕಳಿಗೆ ಮಾತ್ರ ಅವರು ಬೈಯುತ್ತಿದ್ದದ್ದು ಕಡಿಮೆ. ಮಕ್ಕಳಿಗೆ ಒಂದೇ ಬುರುಡೆ ಬಿಡುತ್ತಿದ್ದರು: "ನನ್ನ ಹತ್ರ ಸುಳ್ಳು ಹೇಳಬೇಡ. ನೀನು ಏನು ತಿಂದೆ ಅಂತ ನಿನ್ನ ಹಲ್ಲು ನನಗೆ ಎಲ್ಲಾ ಹೇಳುತ್ತೆ." ಮಕ್ಕಳು ಬಾಯಿ ಮುಚ್ಚಿಕೊಂಡು ಕಣ್ಣು ದೊಡ್ಡದು ಮಾಡುತ್ತಿದ್ದವು.

ಮಕ್ಕಳು ಹೆದರಿದರೆ ಡಾಕ್ಟ್ರಮ್ಮನಿಗೆ ಕರುಳು ಚುರ್ ಅನ್ನುತ್ತಿತ್ತು. ಹೋದ ಬೇಸಿಗೆಯಲ್ಲಿ ಒಂದು ಪುಟ್ಟ ಹುಡುಗ ಬಂದಿದ್ದ. ಸೂಜಿಗೂ ಅಳಲಿಲ್ಲ, ಕೊರೆಯುವ ಯಂತ್ರಕ್ಕೂ ಅಳಲಿಲ್ಲ. ಕೊನೆಗೆ ಹಲ್ಲಿಗೆ ಗಾಳಿ ಹೊಡೆಯುವ ಕೊಳವೆಯ ಗುಂಡಿ ಒತ್ತಿದಾಗ ಬುಸ್ ಅಂದಿತು ನೋಡಿ, ಹುಡುಗ ಬೆಚ್ಚಿಬಿದ್ದು ಕುರ್ಚಿಯಲ್ಲೇ ಉಚ್ಚೆ ಹೊಯ್ದುಕೊಂಡ. ನಾಚಿಕೆಯಿಂದ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದವನು ಮತ್ತೆ ತಲೆ ಎತ್ತಲೇ ಇಲ್ಲ. ಅವತ್ತು ಸಂಜೆ ಡಾಕ್ಟ್ರಮ್ಮನಿಗೆ ಊಟ ಸೇರಲಿಲ್ಲ. ಮಾರನೇ ದಿನದಿಂದ ಆ ಕೊಳವೆಯನ್ನು ಗೂಟಕ್ಕೆ ನೇತುಹಾಕಿಬಿಟ್ಟರು. ಅದರ ಬದಲು ಹತ್ತಿಯಲ್ಲಿ ಒತ್ತಿ ಒರೆಸುವುದು, ಆಮೇಲೆ ಕೈಯಲ್ಲಿ ಅದುಮುವ ಪುಟ್ಟ ರಬ್ಬರ್ ಬುರುಡೆಯಿಂದ ಉಫ್ ಅಂತ ಊದುವುದು. ಸದ್ದಿಲ್ಲ, ಅಳುವಿಲ್ಲ. ಅವರ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದ ನರ್ಸಕ್ಕನಿಗೂ ಅದು ಹಿಡಿಸಿತ್ತು. "ಈಗ ಮಕ್ಕಳು ನಮ್ಮನ್ನ ರಾಕ್ಷಸರು ಅನ್ಕೊಳಲ್ಲ ಮೇಡಂ," ಅಂದಿದ್ದಳು.

ಅದೇ ಬೇಸಿಗೆ ಕಳೆದು ಸ್ವಲ್ಪ ದಿನಕ್ಕೆ ಸಿಮೆಂಟು ಬೀಳಲು ಶುರುವಾಯಿತು.

ಹಲ್ಲಿಗೆ ಸಿಮೆಂಟು ಹಾಕಿಸೋದು ಅಂತ ಜನ ಅನ್ನುತ್ತಾರೆ, ಆದರೆ ಆ ಸಿಮೆಂಟು ತಾನಾಗಿ ಹಲ್ಲಿಗೆ ಕೂರುವುದಿಲ್ಲ. ಮೊದಲು ಹುಳುಕು ಕೆರೆದು ತೆಗೆಯಬೇಕು. ಆಮೇಲೆ ಕುಳಿಯೊಳಗೆ ಸಣ್ಣ ಕುಂಚದಿಂದ ಬಾಂಡು ಅನ್ನುವ ಅಂಟು ಸವರಬೇಕು, ನೀಲಿ ಬೆಳಕು ಹಿಡಿದು ಅದನ್ನು ಗಟ್ಟಿ ಮಾಡಬೇಕು, ಅದರ ಮೇಲೆ ಸಿಮೆಂಟು. ದೊಡ್ಡವರ ಹಲ್ಲಿಗಿಂತ ಹಾಲುಹಲ್ಲು ಮೆದು, ಮೇಲಿನ ಪದರ ತೆಳು, ಅಂಟು ಹಿಡಿಯಲು ನೆಲೆ ಕಡಿಮೆ. ಕೂತ ಜೀವ ಸುಮ್ಮನಿರುವುದಿಲ್ಲ, ನಾಲಿಗೆ ಸುಮ್ಮನಿರುವುದಿಲ್ಲ, ಜೊಲ್ಲು ಬಂದು ನುಗ್ಗುತ್ತದೆ. ಇಷ್ಟರ ನಡುವೆಯೂ ಡಾಕ್ಟ್ರಮ್ಮ ಹಾಕಿದ ಸಿಮೆಂಟು, ಹಲ್ಲು ತಾನಾಗಿ ಬೀಳುವವರೆಗೂ ಕಲ್ಲಿನ ಹಾಗೆ ಕೂತಿರುತ್ತಿತ್ತು. ಅಂಥ ಕೈ ಅದು. ಆ ಕೈ ಹಾಕಿದ್ದು ಈಗ ಗೋಡೆಯಿಂದ ಹಕ್ಕಳೆ ಎದ್ದ ಹಾಗೆ ಎದ್ದು ಬರುತ್ತಿತ್ತು. ಅಮ್ಮಂದಿರು ಬಿದ್ದ ತುಂಡನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಡುತ್ತಿದ್ದರು. ಡಾಕ್ಟ್ರಮ್ಮ ಅದನ್ನು ನೋಡಿ ಮೊದಲು ಅಮ್ಮಂದಿರ ಮೇಲೆ ಹರಿಹಾಯುತ್ತಿದ್ದರು: ಏನು ಅಂಟುಮಿಠಾಯಿ ತಿನ್ನಿಸಿದ್ರಿ, ನಿಜ ಹೇಳಿ.

ಹೀಗೆ ಬೈಸಿಕೊಂಡವರಲ್ಲಿ ಚೋಟಿಯ ಅಮ್ಮನೂ ಒಬ್ಬಳು.

ಚೋಟಿ ಅಂದರೆ ಆರು ವರ್ಷದ, ಚೋಟುದ್ದದ ಹುಡುಗಿ. ಅವಳಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವವಳು. ಮಾತು ಕಡಿಮೆ, ಬಿಗಿ ಹೆಣ್ಣು. ಚೋಟಿಯ ಕೆಳದವಡೆಯ ದವಡೆಹಲ್ಲಿಗೆ ಡಾಕ್ಟ್ರಮ್ಮ ಸಿಮೆಂಟು ಹಾಕಿದರು, ಬಿತ್ತು. ಮತ್ತೆ ಹಾಕಿದರು, ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ತಾಯಿ ಮಗಳ ಕೈ ಹಿಡಿದುಕೊಂಡು ಬೆಂಚಿನ ಮುಂದೆ ನಿಂತಳು. ಡಾಕ್ಟ್ರಮ್ಮ ಒಳಗಿಂದ ಬಂದು ಕಾಗದ ಬಿಡಿಸಿ ತುಂಡು ನೋಡಿದರು. ಸಿಟ್ಟು ನೆತ್ತಿಗೇರಿತು.

"ಏನಮ್ಮಾ, ನಾನೇನು ಇಲ್ಲಿ ಆಟ ಆಡ್ತಾ ಕೂತಿದ್ದೀನಾ? ಮೂರು ಸಲ. ಏನು ಕೊಡ್ತೀಯ ನೀನು ಈ ಮಗೂಗೆ?"

"ಏನೂ ಕೊಡಲ್ಲ. ನೀವು ಹೇಳಿದ ಮೇಲೆ ಮನೇಲಿ ಮಿಠಾಯಿನೇ ತಂದಿಲ್ಲ."

"ನೀನು ತರಲ್ಲ. ಇವಳು ಹೊರಗಡೆ ತಿಂತಾಳೆ. ನೀನು ಬೆಳಿಗ್ಗೆ ಹೋದರೆ ಸಂಜೆ ಬರೋಳು, ನಿಂಗೆ ಹೇಗೆ ಗೊತ್ತಾಗುತ್ತೆ?"

ಬೆಂಚಿನಲ್ಲಿ ಕೂತಿದ್ದವರೆಲ್ಲ ಅವಳನ್ನೇ ನೋಡಿದರು. ತಾಯಿಯ ಮುಖ ಸುಟ್ಟ ಹಾಗಾಯಿತು. ದುಡಿಯಲು ಹೋಗುವ ತಾಯಿಗೆ ಅದಕ್ಕಿಂತ ನೋವಿನ ಮಾತು ಇನ್ನೊಂದಿಲ್ಲ, ಡಾಕ್ಟ್ರಮ್ಮ ತಾವೂ ದುಡಿಯುವ ತಾಯಿಯಾಗಿ ಎರಡು ಮಕ್ಕಳನ್ನು ಬೆಳೆಸಿದವರು, ಆದರೂ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದರು.

"ನಾನು ತಿಂದಿಲ್ಲ," ಅಂದಳು ಚೋಟಿ.

ಡಾಕ್ಟ್ರಮ್ಮ ಬಗ್ಗಿ ಅವಳ ಗದ್ದ ಹಿಡಿದರು. "ಸುಳ್ಳು ಹೇಳಬೇಡ ಪುಟ್ಟಾ. ನಿನ್ನ ಹಲ್ಲು ನಂಗೆ ಎಲ್ಲಾ ಹೇಳುತ್ತೆ."

"ಇಲ್ಲ. ನಾನು ತಿಂದಿಲ್ಲ."

ತಾಯಿ ಅಷ್ಟು ಜನರ ಮುಂದೆ ಮಗಳ ಬೆನ್ನಿಗೆ ಬಿಗಿದಳು. ಒಂದೇ ಏಟು, ಆದರೆ ಆ ಸದ್ದಿಗೆ ಮರದ ಕುದುರೆಯ ಮೇಲಿದ್ದ ಮಗು ಕೆಳಗಿಳಿಯಿತು. "ಇನ್ನೆಷ್ಟು ಸಲ ನನ್ನ ಮಾನ ಕಳೀತೀಯ," ಅಂದಳು ತಾಯಿ, ಹಲ್ಲು ಕಚ್ಚಿಕೊಂಡು. ಚೋಟಿ ಅಳಲಿಲ್ಲ. ಡಾಕ್ಟ್ರಮ್ಮನನ್ನೇ ದುರುದುರು ನೋಡಿದಳು. ಆಮೇಲೆ ತಾಯಿ, "ಸಾಕು. ಈ ಹಲ್ಲಿನ ಸಹವಾಸವೇ ಬೇಡ. ಮೇಲಿನ ಡಾಕ್ಟ್ರ ಹತ್ರ ಕೀಳಿಸ್ತೀನಿ," ಅಂತ ಮಗಳನ್ನು ಎಳಕೊಂಡು ಮೆಟ್ಟಿಲು ಹತ್ತಿದಳು. ಅಣ್ಣ ಸೋಮವಾರ ಬೆಳಿಗ್ಗೆ ಬಾ ಅಂದರಂತೆ.

ಮಧ್ಯಾಹ್ನ ಡಾಕ್ಟ್ರಮ್ಮ ಅಣ್ಣನ ಕೋಣೆಗೆ ನುಗ್ಗಿದರು. ಅಣ್ಣ ಊಟದ ಡಬ್ಬಿ ಬಿಚ್ಚಿ ಕೂತಿದ್ದರು.

"ಆ ಹುಡುಗಿ ಹಲ್ಲು ಮುಟ್ಟಬೇಡ. ಅದು ಇನ್ನೂ ನಾಲ್ಕೈದು ವರ್ಷ ಬಾಯಲ್ಲಿ ಇರಬೇಕಾದ ಹಲ್ಲು. ಈಗ ಕಿತ್ತರೆ ನನ್ನ ಬಾಯಿಗೆ ಆದದ್ದೇ ಅದರ ಬಾಯಿಗೂ ಆಗುತ್ತೆ."

"ಕೂತ್ಕೋ ಮೊದಲು. ಉಂಡ್ಯಾ?"

"ನಂಗೆ ಊಟ ಬೇಡ. ಆ ಅಂಟಿನ ಬಾಟಲಿ ಕೆಟ್ಟಿದೆ ಅಣ್ಣ. ಹೊಸ ಬಾಟಲಿ ಬಂದಾಗಿನಿಂದ ಹೀಗಾಗ್ತಿದೆ. ಮಾರಿದವನಿಗೆ ಫೋನ್ ಮಾಡಿ ನೀರು ಇಳಿಸಿದ್ದೀನಿ."

ಅಣ್ಣ ತುತ್ತು ನುಂಗಿ, "ಅದೇ ಬಾಟಲಿ ನನ್ನ ಹತ್ರಾನೂ ಇದೆಯಲ್ಲೇ. ನಂದು ಒಂದೂ ಬಿದ್ದಿಲ್ಲ," ಅಂದರು.

"ನಿಂದು ಗಟ್ಟಿ ಹಲ್ಲು. ಅದಕ್ಕೆ ಎಂಜಲು ಹಚ್ಚಿದರೂ ಅಂಟುತ್ತೆ. ಹಾಲುಹಲ್ಲಿಗೆ ಈ ಅಂಟು ಆಗಿಬರಲ್ಲ."

"ಹಾಗಾದ್ರೆ ನಾನು ಇಷ್ಟು ವರ್ಷ ಹೇಳ್ತಾ ಬಂದಿದ್ದನ್ನೇ ನೀನೂ ಹೇಳ್ತಿದ್ದೀಯ. ಹಾಲುಹಲ್ಲಿಗೆ ಏನೂ ಅಂಟಲ್ಲ. ಆ ತಾಯಿ ಎಷ್ಟು ಸಲ ಕೆಲಸ ಬಿಟ್ಟು ಬರಬೇಕು ಹೇಳು? ಹೇಗಿದ್ರೂ ಬೀಳೋ..."

ಅಣ್ಣ ಮಾತು ಮುಗಿಸಲಿಲ್ಲ. ಡಾಕ್ಟ್ರಮ್ಮ ಡಬ್ಬಿಯ ಮುಚ್ಚಳವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ತೊಟ್ಟಿಯ ಮೀನುಗಳು ಮೂಲೆ ಸೇರಿದವು. "ಸೋಮವಾರದೊಳಗೆ ನಿಂಗೆ ತೋರಿಸ್ತೀನಿ. ಆ ಬಾಟಲಿ ದಂಡ ಅಂತ ತೋರಿಸ್ತೀನಿ. ಆಮೇಲೆ ಬೇರೆ ಅಂಟು ತರಿಸಿ ಆ ಹಲ್ಲಿಗೆ ನಾನೇ ಹಾಕ್ತೀನಿ," ಅಂದು ಕೆಳಗಿಳಿದರು. ಅಣ್ಣ ಮುಚ್ಚಳ ನೋಡಿದರು. ಸೊಟ್ಟಗಾಗಿತ್ತು.

ಭಾನುವಾರ ಮಧ್ಯಾಹ್ನ ಡಾಕ್ಟ್ರಮ್ಮ ಒಬ್ಬರೇ ಬಂದು ಬೀಗ ತೆಗೆದರು. ಕೀಳಲೇಬೇಕಾಗಿ ಬಂದ ಹಾಲುಹಲ್ಲುಗಳನ್ನು ಅವರು ಎಸೆಯುತ್ತಿರಲಿಲ್ಲ, ಒಂದು ಗಾಜಿನ ಜಾಡಿಯಲ್ಲಿ ನೀರು ತುಂಬಿ ಇಟ್ಟಿದ್ದರು. ಅದರಿಂದ ನಾಲ್ಕಾರು ದವಡೆಹಲ್ಲು ಆರಿಸಿ, ಪ್ಲಾಸ್ಟರಿನ ಉಂಡೆಗಳಲ್ಲಿ ಬೇರು ಹೂತು ಸಾಲಾಗಿ ನಿಲ್ಲಿಸಿದರು. ಒಂದೊಂದಕ್ಕೂ ಕುಳಿ ತೋಡಿದರು. ಬೈಯುತ್ತಲೇ ತೋಡಿದರು, ಬಾಟಲಿ ಮಾರಿದವನನ್ನು, ಅಣ್ಣನನ್ನು, ಚೋಟಿಯ ಅಮ್ಮನನ್ನು. ಬಾಟಲಿ ತೆಗೆದು ಮೊದಲ ಮೂರಕ್ಕೆ ಅಂಟು ಸವರಿದರು. ಗೂಟದಲ್ಲಿದ್ದ ಗಾಳಿಯ ಕೊಳವೆ ಹಿಡಿದು, ಕಾಲೇಜಿನಲ್ಲಿ ಕಲಿಸಿದ ಹಾಗೆ ಚೆನ್ನಾಗಿ ಗಾಳಿ ಹೊಡೆದರು. ಬುಸ್ ಅನ್ನುವ ಸದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ನೀಲಿ ಬೆಳಕು ಹಿಡಿದರು, ಸಿಮೆಂಟು ತುಂಬಿ ಮೇಲೆ ಒಂದು ಗುಬುಟು ಎದ್ದು ನಿಲ್ಲುವ ಹಾಗೆ ಬಿಟ್ಟರು, ಇಕ್ಕಳ ಹಾಕಿ ಎಳೆಯಲು ಹಿಡಿ ಸಿಗಲಿ ಅಂತ. ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿಸಿಟ್ಟು ಕಾದರು.

ಇಕ್ಕಳ ಹಾಕಿದರು. ಬರಲಿಲ್ಲ.

ಇನ್ನೂ ಬಿಗಿಯಾಗಿ ಹಿಡಿದು ತಿರುಚಿದರು. ಬರಲಿಲ್ಲ. "ಬಾರೋ," ಅಂದರು ಅದಕ್ಕೆ. ಕುರ್ಚಿಗೆ ಕಾಲು ಕೊಟ್ಟು ಎಳೆದರು. ಪಟ್ ಅಂತು. ನೋಡಿದರೆ ಸಿಮೆಂಟು ಬಂದಿರಲಿಲ್ಲ, ಹಲ್ಲೇ ಸೀಳಿ ಅದರ ಒಂದು ಚೂರು ಸಿಮೆಂಟಿಗೆ ಅಂಟಿಕೊಂಡು ಬಂದಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಪ್ಲಾಸ್ಟರ್ ಉಂಡೆಯೇ ಒಡೆದು ಹೋಯಿತು, ಸಿಮೆಂಟು ಜಪ್ಪಯ್ಯ ಅನ್ನಲಿಲ್ಲ. ದಂಡ ಅಂತ ತೋರಿಸಬೇಕಾಗಿದ್ದ ಬಾಟಲಿ ಹಾಲುಹಲ್ಲನ್ನು ಹೀಗೆ ಕಚ್ಚಿ ಹಿಡಿದದ್ದು ನೋಡಿ ಡಾಕ್ಟ್ರಮ್ಮನಿಗೆ ಮೈಯೆಲ್ಲ ಉರಿಯಿತು. ಅದೇ ಹಲ್ಲು, ಅದೇ ಅಂಟು, ಅದೇ ಕೈ. ಬಾಯಲ್ಲಿ ಬೀಳುವುದು ಮೇಜಿನ ಮೇಲೆ ಯಾಕೆ ಬೀಳುವುದಿಲ್ಲ? ಇಲ್ಲಿ ಇಲ್ಲದ್ದು ಏನು?

ಮಗು. ಇಲ್ಲಿ ಇಲ್ಲದ್ದು ಮಗು.

ಮೇಜಿನ ಮೇಲೆ ಗಾಳಿಯ ಕೊಳವೆ ಬಿದ್ದಿತ್ತು. ಅದನ್ನು ನೋಡಿದರು. ಡ್ರಾಯರ್ ಎಳೆದು ರಬ್ಬರ್ ಬುರುಡೆ ತೆಗೆದರು. ಉಳಿದ ಹಲ್ಲುಗಳಿಗೆ ಅಂಟು ಸವರಿ, ದಿನಾ ಮಾಡುವ ಹಾಗೆ, ಮಗುವಿಗೆ ಕೇಳಿಸಬಾರದು ಅಂತ ಮೆಲ್ಲಗೆ, ಉಫ್ ಅಂತ ಊದಿದರು. ಕುಳಿಯ ತಳದಲ್ಲಿ ಅಂಟು ಹನಿಯಾಗಿ ನಿಂತೇ ಇತ್ತು. ಗಾಳಿ ಹೊಡೆಯುವುದು ಒಣಗಿಸುವ ಶಾಸ್ತ್ರಕ್ಕಲ್ಲ. ಅಂಟಿನೊಳಗಿನ ನೀರು, ಸ್ಪಿರಿಟ್ಟು ಹಾರಿಹೋಗಿ ಅದು ತೆಳುವಾಗಿ ಹಲ್ಲಿಗೆ ಇಳಿಯಲಿ ಅಂತ. ಇದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಡಾಕ್ಟ್ರಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕುರ್ಚಿಯ ಮೇಲೆ ಎರಡು ಹೆದರಿದ ಕಣ್ಣು ಕಂಡಾಗ, ಇಷ್ಟು ಊದಿದರೆ ಸಾಕು ಅಂತ ತಮಗೆ ತಾವೇ ಹೇಳಿಕೊಂಡಿದ್ದರು, ಅಷ್ಟೇ. ಬೆಳಕು ಹಿಡಿದು, ಸಿಮೆಂಟು ತುಂಬಿ, ನೀರಿನಲ್ಲಿಟ್ಟು ಕಾದರು. ಇಕ್ಕಳ ಬೇಕಾಗಲಿಲ್ಲ. ಹೆಬ್ಬೆರಳ ಉಗುರು ತಾಕಿಸಿದ್ದಕ್ಕೆ ಟಪಕ್ಕನೆ ಎದ್ದು ಬಂತು.

ಬಂದ ತುಂಡು ಅಂಗೈಯಲ್ಲಿತ್ತು. ಅಮ್ಮಂದಿರು ಕಾಗದದಲ್ಲಿ ಸುತ್ತಿ ತರುತ್ತಿದ್ದ ತುಂಡುಗಳು ಥೇಟ್ ಹೀಗೇ ಇದ್ದವು. ಡಾಕ್ಟ್ರಮ್ಮ ಮಕ್ಕಳ ಕುರ್ಚಿಯ ಮೇಲೆ ಕೂತರು. ಯಾರಿಗಾದರೂ ಬೈಯಬೇಕು ಅನ್ನಿಸಿತು. ಬಾಟಲಿಯವನಿಗೆ ಬೈದಾಗಿತ್ತು, ಅವನ ತಪ್ಪಿರಲಿಲ್ಲ. ಅಣ್ಣನಿಗೆ ಬೈದಾಗಿತ್ತು, ಅಮ್ಮಂದಿರಿಗೆ ಬಾಯಿ ನೋಯುವಷ್ಟು ಬೈದಾಗಿತ್ತು. ಉಳಿದವರು ಒಬ್ಬರೇ, ಅವರಿಗೆ ಬೈಯುವ ಅಭ್ಯಾಸ ಡಾಕ್ಟ್ರಮ್ಮನಿಗೆ ಇರಲಿಲ್ಲ. ಆ ಹುಡುಗಿಯ ಬೆನ್ನಿಗೆ ಬಿದ್ದ ಏಟಿನ ಸದ್ದು ನೆನಪಾಯಿತು. ನಾನು ತಿಂದಿಲ್ಲ ಅಂತ ಎರಡು ಸಲ ಹೇಳಿದ್ದಳು. ಎದುರಿಗಿದ್ದ ರಬ್ಬರ್ ಬುರುಡೆಯನ್ನು ಎತ್ತಿ ಗೋಡೆಗೆ ಬೀಸಿದರು. ಅದು ಪುಟಿದು ಬಂದು ಅವರ ಕಾಲಿಗೇ ತಾಕಿತು. ಸಿಟ್ಟು ಮಾಡುವುದಕ್ಕೂ ಲಾಯಕ್ಕಿಲ್ಲದ ವಸ್ತು.

ಸೋಮವಾರ ಬೆಳಿಗ್ಗೆ ಅಣ್ಣ ಸೂಜಿಗೆ ಮದ್ದು ಎಳೆಯುತ್ತಿದ್ದಾಗ ಡಾಕ್ಟ್ರಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ದೊಡ್ಡವರ ಕುರ್ಚಿಯಲ್ಲಿ ಚೋಟಿ ಮಲಗಿದ್ದಳು, ಅವಳ ಕಾಲು ಕುರ್ಚಿಯ ಅರ್ಧಕ್ಕೂ ಬಂದಿರಲಿಲ್ಲ.

"ಸೂಜಿ ಕೆಳಗಿಡು," ಅಂದರು ಡಾಕ್ಟ್ರಮ್ಮ.

"ಮತ್ತೆ ಶುರು ಮಾಡಬೇಡ ಕಣೇ. ಬಾಟಲಿ ಕೆಟ್ಟಿತ್ತಾ?"

"ಬಾಟಲಿ ಸರಿಯಿದೆ. ಕೆಟ್ಟಿದ್ದು ನಾನು." ಅಣ್ಣನ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ತಂಗಿಯ ಬಾಯಲ್ಲಿ ಈ ಮಾತು ಅವರು ಕೇಳಿರಲಿಲ್ಲ. ಡಾಕ್ಟ್ರಮ್ಮ ತಾಯಿಯ ಕಡೆ ತಿರುಗಿದರು. "ನೋಡಿ, ನಿಮ್ಮ ಮಗಳು ಮಿಠಾಯಿ ತಿಂದಿಲ್ಲ. ನೀವೂ ಕೊಟ್ಟಿಲ್ಲ. ಸಿಮೆಂಟು ಬಿದ್ದದ್ದು ನನ್ನಿಂದ. ಅಂಟು ಸವರಿದ ಮೇಲೆ ಜೋರಾಗಿ ಗಾಳಿ ಹೊಡೀಬೇಕು. ಮಕ್ಕಳು ಆ ಸದ್ದಿಗೆ ಹೆದರ್ತಾವೆ ಅಂತ ನಾನು ಮೆಲ್ಲಗೆ ಊದಿ ಬಿಟ್ಟೆ. ಅಂಟು ಹಿಡೀಲಿಲ್ಲ. ಮೂರು ಸಲವೂ ಅದೇ."

ತಾಯಿ ಮಗಳನ್ನು ಎಬ್ಬಿಸಿ ಕೂರಿಸಿದಳು. ಆಮೇಲೆ ಕೇಳಿದಳು, "ಇದನ್ನ ಇಲ್ಲಿ ಹೇಳ್ತಿದ್ದೀರಾ?"

"ಹೂಂ. ಯಾಕೆ?"

"ಬೈದಿದ್ದು ಇಲ್ಲಲ್ಲ."

ಅಣ್ಣ ಸೂಜಿಯನ್ನು ತಟ್ಟೆಯಲ್ಲಿಟ್ಟು ಕಿಟಕಿಯ ಕಡೆ ನೋಡಿದರು. ಡಾಕ್ಟ್ರಮ್ಮನಿಗೆ ಒಂದು ಕ್ಷಣ ಹಳೇ ಬೈಗುಳ ನಾಲಿಗೆ ತುದಿಗೆ ಬಂದಿತ್ತು, ಹೇಳಿದೆನಲ್ಲಮ್ಮ ಇನ್ನೇನು ಬೇಕು ಅಂತ. ಅದನ್ನು ನುಂಗಿದರು. "ಬನ್ನಿ," ಅಂದರು.

ಕೆಳಗೆ ಬೆಂಚು ತುಂಬಿತ್ತು. ಡಾಕ್ಟ್ರಮ್ಮ ಮರದ ಕುದುರೆಯ ಪಕ್ಕದಲ್ಲಿ ನಿಂತರು, ಬೈಯುವಾಗ ನಿಲ್ಲುತ್ತಿದ್ದ ಜಾಗದಲ್ಲೇ. ಅಭ್ಯಾಸಕ್ಕೆ ಎಲ್ಲರೂ ಮೈ ಹಿಡಿಯಷ್ಟು ಮಾಡಿಕೊಂಡು ಕೂತರು. "ಎಲ್ಲರೂ ಕೇಳಿ," ಅಂದರು. "ಹಲ್ಲು ಹುಳುಕಾಗೋದು ಸಿಹಿಯಿಂದ. ಅದರಲ್ಲಿ ನನ್ನ ಮಾತು ಬದಲಾಗಲ್ಲ. ಆದರೆ ಹೋದ ಬೇಸಿಗೆಯಿಂದ ನಾನು ಹಾಕಿದ ಸಿಮೆಂಟು ಯಾರ್ಯಾರದ್ದು ಬಿತ್ತೋ, ಅದು ನಿಮ್ಮ ಮಕ್ಕಳು ಏನೋ ತಿಂದಿದ್ದಕ್ಕಲ್ಲ. ನಾನು ಹಾಕಿದ್ದೇ ಸರಿಯಿರಲಿಲ್ಲ. ಈ ತಾಯಿಗೆ ಇಲ್ಲೇ ನಿಂತು ಬೈದೆ. ಅವರದ್ದು ತಪ್ಪಿರಲಿಲ್ಲ. ಈ ಮಗು ಸುಳ್ಳು ಹೇಳಿರಲಿಲ್ಲ."

ಯಾರೋ ಒಬ್ಬರು ಪರವಾಗಿಲ್ಲ ಬಿಡಿ ಮೇಡಂ ಅನ್ನಬಹುದು ಅಂತ ಡಾಕ್ಟ್ರಮ್ಮ ಒಳಗೊಳಗೇ ಕಾದರೋ ಏನೋ. ಯಾರೂ ಅನ್ನಲಿಲ್ಲ. ಬೆಂಚಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು, ತೊಡೆಯ ಮೇಲಿದ್ದ ಮಗನ ತಲೆ ಸವರುತ್ತಾ, ಯಾರನ್ನೂ ನೋಡದೆ ಅಂದಳು. "ನಾನು ಇವನ ಬಾಯಿಗೆ ಮೆಣಸಿನಪುಡಿ ಇಟ್ಟೆ. ಕದ್ದು ತಿಂತಾನೆ ಅಂತ."

ನರ್ಸಕ್ಕ ಬಂದು ಡಾಕ್ಟ್ರಮ್ಮನ ಮೊಣಕೈ ಮುಟ್ಟಿ, "ಕುರ್ಚಿ ರೆಡಿ ಇದೆ ಮೇಡಂ," ಅಂದಳು.

ಚೋಟಿಯನ್ನು ಚಿಕ್ಕ ಕುರ್ಚಿಯಲ್ಲಿ ಮಲಗಿಸಿದರು. ತಾಯಿ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಡಾಕ್ಟ್ರಮ್ಮ ಗಾಳಿಯ ಕೊಳವೆ ತೆಗೆದು ಹುಡುಗಿಯ ಕೈಗೇ ಕೊಟ್ಟರು. "ಇದು ಬುಸ್ ಅನ್ನುತ್ತೆ. ಜೋರಾಗೇ ಅನ್ನುತ್ತೆ. ಹೆದರಿಕೆ ಆಗುತ್ತೆ, ಅಳು ಬಂದರೆ ಅಳು. ನಾನು ಮಾತ್ರ ನಿಲ್ಲಿಸಲ್ಲ. ನಿಲ್ಲಿಸಿದರೆ ಮತ್ತೆ ಬೀಳುತ್ತೆ. ಮೊದಲು ನೀನು ನನಗೆ ಹೊಡಿ." ಚೋಟಿ ಗುಂಡಿ ಒತ್ತಿದಳು. ಡಾಕ್ಟ್ರಮ್ಮನ ನೆರೆತ ಕೂದಲು ಹಾರಿ ಕನ್ನಡಕದ ಮೇಲೆ ಬಿತ್ತು. ಹುಡುಗಿ ನಗಲಿಲ್ಲ. ಮತ್ತೆ ಒತ್ತಿದಳು, ಕಣ್ಣಿಗೇ ಗುರಿಯಿಟ್ಟು. ಡಾಕ್ಟ್ರಮ್ಮ ಸುಮ್ಮನೆ ಕೂತು ಹೊಡೆಸಿಕೊಂಡರು.

ಆಮೇಲೆ ಕೆಲಸ. ಕುಳಿ ಶುಚಿ ಮಾಡಿದರು, ಹತ್ತಿ ಇಟ್ಟರು, ಅಂಟು ಸವರಿದರು, ಗಾಳಿ ಹೊಡೆದರು. ಚೋಟಿ ಚೀರಿದಳು. ಕಾಲು ಝಾಡಿಸಿ ನರ್ಸಕ್ಕನ ಹೊಟ್ಟೆಗೆ ಒದ್ದಳು. ಡಾಕ್ಟ್ರಮ್ಮನ ಬಾಯಿ ಆಯ್ತು ಕಂದಾ ಆಯ್ತು ಅನ್ನುತ್ತಲೇ ಇತ್ತು, ಕೈ ಮಾತ್ರ ಗಾಳಿ ನಿಲ್ಲಿಸಲಿಲ್ಲ. ಅಂಟು ತೆಳುವಾಗಿ ಹರಡಿ ಹೊಳೆದು ಅಲುಗಾಡದೆ ನಿಂತ ಮೇಲೆಯೇ ಬೆಳಕು ಹಿಡಿದರು. ಆ ಸಿಮೆಂಟು ಮತ್ತೆ ಬೀಳಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೊಸ ಹಲ್ಲು ಬಂದು ತಳ್ಳುವವರೆಗೂ ಆ ಹಲ್ಲು ತನ್ನ ಜಾಗ ಕಾಯ್ದುಕೊಂಡೇ ಇತ್ತು. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

ಹತ್ತಿ ತೆಗೆದ ಮೇಲೆ ಚೋಟಿ ಎದ್ದು ಕೂತು ಮೂಗು ಒರೆಸಿಕೊಂಡಳು. "ನಾನು ತಿಂದಿಲ್ಲ ಅಂತ ಹಲ್ಲು ನಿಮಗೆ ಹೇಳಲಿಲ್ವಾ?" ಅಂತ ಕೇಳಿದಳು.

"ಹಲ್ಲು ಏನೂ ಹೇಳಲ್ಲ ಕಂದಾ. ಅದು ನಾನು ಬಿಟ್ಟ ಬುರುಡೆ."

ಚೋಟಿ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಸುಳ್ಳು ಹೇಳಿದ್ದು ನೀವು. ಅಮ್ಮ ನಿಮಗೆ ಹೊಡೀಬೇಕಿತ್ತು."

ತಾಯಿ ತನ್ನ ಬಲಗೈಯನ್ನು ನೋಡಿಕೊಂಡು, ಅದನ್ನು ಸೆರಗಿನೊಳಗೆ ಸೇರಿಸಿದಳು. "ಇದೂ ಬಿದ್ದರೆ?" ಅಂದಳು ಡಾಕ್ಟ್ರಮ್ಮನಿಗೆ.

"ಬಿದ್ದರೆ ಬಂದು ನನಗೆ ಬೈಯಿರಿ. ಹೊರಗೆ, ಎಲ್ಲರ ಮುಂದೆ."

"ಬೀಳೋವರೆಗೂ ಯಾಕೆ ಕಾಯಲಿ," ಅಂದಳು ತಾಯಿ.

ಬಾಗಿಲು ತೆರೆದೇ ಇತ್ತು. ಅವಳ ದನಿ ಮೊದಲು ಸಣ್ಣಗಿತ್ತು, ಆಮೇಲೆ ಬೆಂಚಿನವರೆಗೂ ಹೋಯಿತು. ಕೆಲಸಕ್ಕೆ ಹೋಗುವ ತಾಯಿಗೆ ಮಗಳು ಏನು ತಿಂತಾಳೆ ಅಂತ ಗೊತ್ತಿಲ್ಲ ಅನ್ನೋಕೆ ನೀವು ಯಾರು ಅಂದಳು. ನಿಮ್ಮ ಮಾತು ನಂಬಿ ನನ್ನ ಮಗಳ ಮಾತು ನಂಬಲಿಲ್ಲ ಅಂದಳು. ಅವಳು ಹುಟ್ಟಿದಾಗಿನಿಂದ ಅದೇ ಮೊದಲ ಏಟು, ಅದನ್ನ ನೀವು ಹೊಡೆಸಿದಿರಿ, ಈಗ ಅದಕ್ಕೆ ಯಾವ ಅಂಟು ಹಚ್ಚುತ್ತೀರಿ ಅಂದಳು. ನರ್ಸಕ್ಕ ಬಾಗಿಲು ಮುಚ್ಚಲು ಹೋದಳು. ಡಾಕ್ಟ್ರಮ್ಮ ಬೇಡ ಅಂತ ಕೈ ಮಾಡಿದರು. ಮಕ್ಕಳ ಕುರ್ಚಿಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು, ಕೈಗವಸು ಕೂಡ ತೆಗೆಯದೆ, ತಾಯಿ ಬೈದು ಮುಗಿಸುವವರೆಗೂ ಕೇಳಿಸಿಕೊಂಡರು.